ಹುಣಸೆಹಣ್ಣು ಹಚ್ಚಬೇಡಿ, ಮೊದಲು ಅಡಿ ನೋಡಿ

ಮಾನ್ಯ ಸಂಪಾದಕರೇ,

ದಸರೆಗೆ ಘಟ ಕೂಡುವ ಮುಂಚೆ ನಮ್ಮ ಕಡೆ ಇಡೀ ಮನೆ ಅಂಗಳಕ್ಕೆ ಬರುತ್ತದೆ. ಹಾಸಿಗೆ, ಕೌದಿ, ಅಟ್ಟದ ಮೇಲಿನ ಟ್ರಂಕು, ವರ್ಷವಿಡೀ ಯಾರೂ ಮುಟ್ಟದ ತಾಮ್ರ ಹಿತ್ತಾಳೆಯ ಪಾತ್ರೆ, ಒಂದನ್ನೂ ಬಿಡುವುದಿಲ್ಲ. ಆ ಟ್ರಂಕಿನ ತಳದಲ್ಲಿ, ಹಳೆಯ ಲಗ್ನಪತ್ರಿಕೆಗಳ ಅಡಿಯಲ್ಲಿ, ಒಂದೆರಡು ಪುಟ್ಟ ಲೋಹದ ಕಾರು ಸಿಗುವ ಮನೆಗಳು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಇನ್ನೂ ಇವೆ. ಮುಂಬೈಗೆ, ಹೈದರಾಬಾದಿಗೆ ಹೋಗಿ ಬಂದವರು ತಂದದ್ದು, ಗಲ್ಫಿನಲ್ಲಿ ದುಡಿದವರು ರಜೆಗೆ ಬಂದಾಗ ತಂದದ್ದು, ವಾಡಿ, ಶಹಾಬಾದಿನ ರೈಲ್ವೆ ಮತ್ತು ಸಿಮೆಂಟ್ ಕಾಲೊನಿಗಳಲ್ಲಿ ಕೈಯಿಂದ ಕೈಗೆ ಬಂದದ್ದು. ಹಬ್ಬದ ಗಡಿಬಿಡಿಯಲ್ಲಿ ಅವುಗಳಿಗೆ ಮೂರರಲ್ಲಿ ಒಂದು ಗತಿ. ಹಿತ್ತಾಳೆ ಚೊಂಬಿನ ಜೊತೆಗೇ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಕಿಟಕಿಗೆ ಬಳಿದು ಉಳಿದ ಎನಾಮಲ್ ಪೇಂಟ್ ಬಳಿಯುತ್ತಾರೆ. ಇಲ್ಲವೇ ಮೋಡಕಾದವರ, ಅಂದರೆ ಗುಜರಿಯವರ, ತಕ್ಕಡಿಗೆ ಹಾಕುತ್ತಾರೆ. ಹಳೆಯ ಡೈಕಾಸ್ಟ್, ಅಂದರೆ ಅಚ್ಚಿನಲ್ಲಿ ಲೋಹ ಎರಕ ಹೊಯ್ದ, ಆಟಿಕೆ ಕಾರುಗಳನ್ನು ಸಂಗ್ರಹಿಸುವ ನಾವು ಕೆಲವರು ಸೇರಿ, ಈ ಮೂರನ್ನೂ ಮಾಡುವ ಮುಂಚೆ ಓದುಗರು ತಿಳಿಯಬೇಕಾದದ್ದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ. ದಯವಿಟ್ಟು ಹಬ್ಬಕ್ಕೆ ಮೊದಲೇ ಪ್ರಕಟಿಸಿ.

ಮೊದಲು ಲೋಹದ ಮಾತು. ಈ ಕಾರುಗಳ ಮೈ ಕಬ್ಬಿಣವಲ್ಲ, ಹಿತ್ತಾಳೆಯಲ್ಲ, ಅಲ್ಯೂಮಿನಿಯಂ ಕೂಡ ಅಲ್ಲ. ಅದು ಸತು, ನಮ್ಮ ಆಡುಮಾತಿನ ಜಸ್ತ. ಸುಮಾರು 96 ಪಾಲು ಸತುವಿಗೆ 4 ಪಾಲು ಅಲ್ಯೂಮಿನಿಯಂ, ಜೊತೆಗೆ ಚಿಟಿಕೆಯಷ್ಟು ಮೆಗ್ನೀಸಿಯಂ. 1929ರ ಹೊತ್ತಿಗೆ ಅಮೆರಿಕದಲ್ಲಿ ರೂಪುಗೊಂಡ ಈ ಮಿಶ್ರಲೋಹಕ್ಕೆ ಝಾಮ್ಯಾಕ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ಅದನ್ನೇ ಮಝಾಕ್ ಎಂದರು. 400 ಡಿಗ್ರಿಯೊಳಗೇ ಕರಗುವ ಲೋಹವಾದ್ದರಿಂದ ಉಕ್ಕಿನ ಅಚ್ಚಿಗೆ ಒತ್ತಡ ಕೊಟ್ಟು ನುಗ್ಗಿಸಿದರೆ ಬಾಗಿಲಿನ ಗೆರೆ, ರೇಡಿಯೇಟರಿನ ಜಾಲರಿಯವರೆಗೂ ಚೊಕ್ಕವಾಗಿ ಮೂಡುತ್ತದೆ. ಜಸ್ತದ ಗುಣ ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಬಿದರಿ ಕೆಲಸದ ಹೂಜಿ, ಹೂದಾನಿಗಳ ಮೈಯೂ ಜಸ್ತವೇ. ಸಾಮಾನ್ಯವಾಗಿ 16 ಪಾಲು ಜಸ್ತಕ್ಕೆ 1 ಪಾಲು ತಾಮ್ರ. ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿನೀರಿನಲ್ಲಿ ಅದ್ದಿದ ಕೂಡಲೇ ಬಿದರಿಯ ಮೈ ಕಪ್ಪಾಗುತ್ತದೆ, ಬೆಳ್ಳಿಯ ತಂತಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಜಸ್ತ ಎಷ್ಟು ಬೇಗ ಸ್ಪಂದಿಸುವ ಲೋಹ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹುಣಸೆಹಣ್ಣಿನ ಅಪಾಯ ಇಲ್ಲೇ ಇದೆ. ಹಿತ್ತಾಳೆಗೆ ಹುಳಿ ಹಚ್ಚಿದರೆ ಮೇಲಿನ ಕಿಲುಬು ಕರಗಿ ಕೆಳಗಿನ ಲೋಹ ಹೊಳೆಯುತ್ತದೆ. ಜಸ್ತಕ್ಕೆ ಹಚ್ಚಿದರೆ ಲೋಹವೇ ಕರಗುತ್ತದೆ. ಪೇಂಟ್ ಎಲ್ಲಿ ಚೂರು ಹಾರಿದೆಯೋ ಅಲ್ಲಿಂದ ಹುಳಿ ಒಳನುಗ್ಗಿ ಸುತ್ತಲಿನ ಪೇಂಟನ್ನು ಹಪ್ಪಳದಂತೆ ಎಬ್ಬಿಸುತ್ತದೆ. ತೊಳೆದ ದಿನ ಏನೂ ಕಾಣುವುದಿಲ್ಲ. ಎರಡು ಮೂರು ವಾರಕ್ಕೆ ಆ ಅಂಚಿನಲ್ಲಿ ಬಿಳಿ ಬೂಷ್ಟು ಬಂದು, ಉಗುರು ತಾಗಿದರೆ ಪೇಂಟ್ ಉದುರುತ್ತದೆ. ನಿಂಬೆ, ವಿನೆಗರ್, ಹುಳಿಮಜ್ಜಿಗೆಗಳದ್ದೂ ಇದೇ ಕಥೆ. ಹುಳಿ ಬೇಡವೆಂದು ಬೂದಿ, ಸುಣ್ಣ, ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಬಳಸುವುದೂ ತಪ್ಪು. ಜಸ್ತ ಹುಳಿಗೂ ಸೋಲುತ್ತದೆ, ಕ್ಷಾರಕ್ಕೂ ಸೋಲುತ್ತದೆ. ಪಾತ್ರೆ ತಿಕ್ಕುವ ಪುಡಿ ಮತ್ತು ತಂತಿ ಬ್ರಷ್ಷಿನಿಂದ ಇನ್ನೊಂದು ನಷ್ಟ: ಹೆಡ್‌ಲೈಟು, ಬಂಪರು, ಗ್ರಿಲ್ಲಿನ ಮೇಲೆ ಕಾರ್ಖಾನೆಯಲ್ಲಿ ತೆಳ್ಳಗೆ ಹಚ್ಚಿದ ಬೆಳ್ಳಿ ಬಣ್ಣ ಎರಡೇ ಉಜ್ಜಿಗೆ ಹೋಗಿಬಿಡುತ್ತದೆ. ಅದನ್ನು ಮೊದಲಿನಂತೆ ಮತ್ತೆ ಹಚ್ಚಲು ಬರುವುದಿಲ್ಲ.

ಇನ್ನು ಗುರುತಿಸುವ ಬಗೆ. ಕಾರನ್ನು ಕೈಗೆತ್ತಿಕೊಂಡರೆ ಅರ್ಧ ಗೊತ್ತಾಗುತ್ತದೆ. ಬೆಂಕಿಪೊಟ್ಟಣದಷ್ಟೇ ಇರುವ ಕಾರೂ ಸುಮಾರು 40 ಗ್ರಾಂ ತೂಗುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿ. ಮೈಗೆ ಅಂಟಿದರೆ ಅದು ತಗಡಿನ ಆಟಿಕೆ. ಮೈಗೆ ಅಂಟದೆ, ಚಕ್ರದ ಅಚ್ಚಿಗೆ ಅಥವಾ ತಳದ ತಗಡಿಗೆ ಮಾತ್ರ ಅಂಟಿ, ಮುಟ್ಟಿದರೆ ತಣ್ಣಗಿದ್ದರೆ ಅದು ಡೈಕಾಸ್ಟ್. ಆಮೇಲೆ ಮಗುಚಿ ತಳ ಓದಿ. ಈ ಕಾರುಗಳ ಜಾತಕವೆಲ್ಲ ತಳದಲ್ಲೇ ಇದೆ. ಅಕ್ಷರ ಸವೆದಿದ್ದರೆ ಟಾರ್ಚನ್ನು ಮೇಲಿಂದ ಬಿಡದೆ ಪಕ್ಕದಿಂದ, ಮೈಗೆ ಸಮನಾಗಿ ಬಿಟ್ಟರೆ ನೆರಳಿನಲ್ಲಿ ಅಕ್ಷರ ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿದರೆ ಇನ್ನೂ ಸುಲಭ.

‘ಡಿಂಕಿ ಟಾಯ್ಸ್’, ‘ಮೆಕ್ಯಾನೊ ಲಿಮಿಟೆಡ್’ ಎಂದಿದ್ದರೆ ಅದು ಲಿವರ್‌ಪೂಲಿನ ಬಿನ್ಸ್ ರೋಡ್ ಕಾರ್ಖಾನೆಯದು. ಫ್ರ್ಯಾಂಕ್ ಹಾರ್ನ್‌ಬಿಯ ಕಂಪನಿ 1934ರಿಂದ ಡಿಂಕಿ ಹೆಸರಿನಲ್ಲಿ ಆಟಿಕೆ ತಂದಿತು. ಆ ಕಾರ್ಖಾನೆ 1979ರಲ್ಲಿ ಮುಚ್ಚಿತು. ‘ಲೆಸ್ನಿ’ ಎಂದಿದ್ದರೆ ಅದು ಮ್ಯಾಚ್‌ಬಾಕ್ಸ್. ಶಾಲೆಗೆ ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಆಟಿಕೆ ಮಾತ್ರ ತರಬಹುದು ಎಂಬ ನಿಯಮವಿದ್ದದ್ದರಿಂದ ಜ್ಯಾಕ್ ಓಡೆಲ್ ತನ್ನ ಮಗಳಿಗೆ ಮಾಡಿಕೊಟ್ಟ ಪುಟ್ಟ ರೋಡ್ ರೋಲರಿನಿಂದ ಹುಟ್ಟಿದ ಸರಣಿ ಅದು. 1953ರಲ್ಲಿ ಮಾರಾಟಕ್ಕೆ ಬಂತು, ಲೆಸ್ನಿ ಕಂಪನಿ 1982ರಲ್ಲಿ ದಿವಾಳಿಯಾಗಿ ಹೆಸರು ಬೇರೆಯವರ ಕೈಗೆ ಹೋಯಿತು. ಹೆಚ್ಚಿನವುಗಳ ತಳದಲ್ಲಿ 1ರಿಂದ 75ರೊಳಗಿನ ಒಂದು ಸಂಖ್ಯೆ ಇರುತ್ತದೆ, ಆದರೆ ಒಂದೇ ಸಂಖ್ಯೆಯಲ್ಲಿ ಕಾಲಕಾಲಕ್ಕೆ ಬೇರೆ ಬೇರೆ ವಾಹನ ಬಂದಿವೆ. ಸಂಖ್ಯೆ ಒಂದನ್ನೇ ನಂಬಿ ಹೆಸರು ಹೇಳಬೇಡಿ. ಕಾಲ ತಿಳಿಯಲು ಚಕ್ರ ನೋಡುವುದು ಒಳ್ಳೆಯದು. ಚಕ್ರ ಕೂಡಿಸಿದ ಅಚ್ಚು ದಪ್ಪಗಿದ್ದು, ಸಾದಾ ಲೋಹದ ಅಥವಾ ಬೂದು, ಕಪ್ಪು ಪ್ಲಾಸ್ಟಿಕ್ಕಿನ ಕಿರಿದಾದ ಚಕ್ರ ಇದ್ದರೆ 1960ರ ದಶಕ ಅಥವಾ ಅದಕ್ಕೂ ಹಿಂದಿನದು. ಸೂಜಿಯಂಥ ತೆಳು ಅಚ್ಚು, ಅಗಲ ಚಕ್ರ, ನೂಕಿದರೆ ಪರಸಿ ಕಲ್ಲಿನ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಓಡಿದರೆ 1969ರಲ್ಲಿ ಶುರುವಾದ, ಮ್ಯಾಚ್‌ಬಾಕ್ಸಿನದೇ ಸೂಪರ್‌ಫಾಸ್ಟ್ ಸರಣಿ. ‘ಕಾರ್ಗಿ’ ಇದ್ದರೆ 1956ರಲ್ಲಿ ಶುರುವಾದ ಸರಣಿ, ಮೆಟಾಯ್ ಕಂಪನಿ ವೇಲ್ಸಿನ ಸ್ವಾನ್‌ಸಿ ಕಾರ್ಖಾನೆಯಲ್ಲಿ ಮಾಡಿದ್ದು. ಕಿಟಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಿ ಡಿಂಕಿಯನ್ನು ಬೆದರಿಸಿದವರು ಅವರೇ. ಜಪಾನಿನ ಟೊಮಿಕಾ 1970ರಲ್ಲಿ ಶುರುವಾದದ್ದು. ಫ್ರಾನ್ಸಿನ ಮಜೊರೆಟ್, ಜರ್ಮನಿಯ ಸಿಕು ಕೂಡ ಗಲ್ಫಿನ ದಾರಿಯಲ್ಲಿ ಇಲ್ಲಿಗೆ ಬಂದಿವೆ.

ಅಮೆರಿಕದ ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ. ತಳದಲ್ಲಿ ‘1983’ ಎಂದಿದೆ, ಹಾಗಾಗಿ ನಲವತ್ತು ವರ್ಷ ಹಳೆಯದು ಎಂದು ಮಾರಲು ಬರುತ್ತಾರೆ. ಆ ಇಸವಿ ಅಚ್ಚಿನ ಹಕ್ಕುಸ್ವಾಮ್ಯದ್ದು, ಕಾರು ತಯಾರಾದದ್ದರದ್ದಲ್ಲ. ಒಂದು ಅಚ್ಚಿನಿಂದ ಹತ್ತಿಪ್ಪತ್ತು ವರ್ಷ ಕಾರು ಎರಕ ಹೊಯ್ಯುತ್ತಾರೆ, ತಳದ ಇಸವಿ ಬದಲಾಗುವುದೇ ಇಲ್ಲ. ದೇಶದ ಹೆಸರು, ಚಕ್ರದ ವಿನ್ಯಾಸ, ಪೇಂಟ್ ಮೂರನ್ನೂ ಕೂಡಿಸಿ ನೋಡಬೇಕು. 1968ರಲ್ಲಿ ಆರಂಭವಾದ ಈ ಸರಣಿಯಲ್ಲಿ 1977ರವರೆಗೆ ಬಂದ ಅನೇಕ ಕಾರುಗಳ ಚಕ್ರಕ್ಕೆ ಕೆಂಪು ಗೆರೆ ಇರುತ್ತದೆ. ಹಳೆಯದು ಎನ್ನಲು ಆ ಗೆರೆ ಗಟ್ಟಿ ಗುರುತು.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಹೇಳಬೇಕಾದದ್ದು ಭಾರತದಲ್ಲೇ ತಯಾರಾದ ನಿಕಿ ಟಾಯ್ಸ್ ಬಗ್ಗೆ, ಯಾಕೆಂದರೆ ಗುಜರಿಗೆ ಹೋಗುವುದರಲ್ಲಿ ಮೊದಲ ಸಾಲು ಅದರದು. 1960ರ ದಶಕದ ಕೊನೆಯಲ್ಲಿ ಡಿಂಕಿಯ ಕೆಲವು ಹಳೆಯ ಅಚ್ಚುಗಳು ಲಿವರ್‌ಪೂಲಿನಿಂದ ಕಲ್ಕತ್ತಕ್ಕೆ ಬಂದವು. ಅಲ್ಲಿನ ಎಸ್. ಕುಮಾರ್ ಅಂಡ್ ಕಂಪನಿ ಅದೇ ಅಚ್ಚಿನಿಂದ ನಿಕಿ ಹೆಸರಿನಲ್ಲಿ ಕಾರು ಮಾಡಿ ಮಾರಿತು. ಜಾಗ್ವಾರ್ ಇ ಟೈಪ್, ಮರ್ಸಿಡಿಸ್ 220 ಎಸ್‌ಇ, ಬೆಂಟ್ಲಿ ಕೂಪೆ ಬಂದವು. ಇಂಗ್ಲೆಂಡಿನಲ್ಲಿ ಅಟ್ಲಾಸ್ ಎನಿಸಿದ್ದ ವ್ಯಾನ್ ಇಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ 20 ಮಿನಿಬಸ್ ಆಯಿತು. ಇವನ್ನು ಹತ್ತಿರದಿಂದ ನೋಡಬೇಕು. ಎರಕದ ಅಂಚು ಅಷ್ಟು ಚೊಕ್ಕವಿರುವುದಿಲ್ಲ, ಪೇಂಟ್ ದಪ್ಪ, ಕೆಲವು ಕಡೆ ಇಳಿದ ಗುರುತೂ ಇರುತ್ತದೆ, ಬಾಗಿಲು ಸ್ವಲ್ಪ ಬಿಗಿ. ತಳ ಮಗುಚಿದರೆ ಕೆಲವದರಲ್ಲಿ ಒಂದು ಪಟ್ಟಿಯಷ್ಟು ಜಾಗ ಬೋಳಾಗಿರುತ್ತದೆ. ಅಲ್ಲಿದ್ದ ‘ಡಿಂಕಿ’ ಎಂಬ ಅಕ್ಷರಗಳನ್ನು ಅರದಿಂದ ಉಜ್ಜಿ ತೆಗೆದ ಗಾಯ ಅದು. ಬೆರಳಾಡಿಸಿದರೆ ಸುತ್ತಲಿನ ಅಕ್ಷರ ಕೈಗೆ ತಾಗುತ್ತವೆ, ಆ ಜಾಗ ಮಾತ್ರ ನುಣುಪು. ಇದನ್ನು ಕಂಡೇ ಜನ ‘ಡೂಪ್ಲಿಕೇಟ್ ಮಾಲು’ ಎಂದು ಎಸೆಯುತ್ತಾರೆ. ಡೂಪ್ಲಿಕೇಟ್ ಅಲ್ಲ ಅದು. ಅಚ್ಚು ಅಸಲಿ, ದೇಶ ಬೇರೆ. ಹೊರದೇಶದ ಸಂಗ್ರಾಹಕರೂ ಅದನ್ನು ಹುಡುಕುತ್ತಾರೆ. ಆ ಉಜ್ಜಿದ ಗುರುತೇ ಅದರ ಜನ್ಮಪತ್ರ. ಅದನ್ನು ‘ಸರಿಮಾಡಲು’ ಯಾರೂ ಹೋಗಬಾರದು. ಕಲ್ಕತ್ತದ್ದೇ ಆದ ಮಿಲ್ಟನ್, ಮ್ಯಾಕ್ಸ್‌ವೆಲ್ ಹೆಸರಿನ ಕಾರುಗಳಿಗೂ, ಲಿಯೊ ಹೆಸರಿನಲ್ಲಿ ಭಾರತದಲ್ಲೇ ಬಂದ ಹಾಟ್ ವೀಲ್ಸ್‌ಗಳಿಗೂ ಇದೇ ಮಾತು. ನಮ್ಮ ದೇಶದ ಕಾರ್ಖಾನೆಗಳ ಈ ಕೆಲಸವನ್ನು ನಾವೇ ಕಾಪಾಡದಿದ್ದರೆ ಇನ್ನಾರು ಕಾಪಾಡಬೇಕು?

ಕಾರು ಕೊಳೆಯಾಗಿದ್ದರೆ ಏನು ಮಾಡಬೇಕು? ಒಣ ಬಟ್ಟೆಯಿಂದ ಒರೆಸುವುದು ಮೊದಲ ತಪ್ಪು. ನಮ್ಮ ಎರೆ ನೆಲದ ಧೂಳಿನಲ್ಲಿ ಸಣ್ಣ ಮರಳಿನ ಕಣಗಳಿವೆ, ಬಟ್ಟೆಯಡಿ ಸಿಕ್ಕರೆ ಅವು ಪೇಂಟಿನ ಮೇಲೆ ಗೀರು ಎಳೆಯುತ್ತವೆ. ಅರ್ಧ ಇಂಚಿನ ಮೆತ್ತನೆಯ ಹೊಸ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ಎಬ್ಬಿಸಿ, ಕ್ಯಾಮೆರಾದವರು ಬಳಸುವ ರಬ್ಬರ್ ಬ್ಲೋವರಿನಿಂದ ಊದಿ. ಬಾಯಿಂದ ಊದಿದರೆ ಎಂಜಲಿನ ತೇವ ಹೋಗುತ್ತದೆ. ಆಮೇಲೆ 250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡೇ ಹನಿ. ನೀರು ಬೋರ್‌ವೆಲ್ಲಿನದು ಬೇಡ. ಸುಣ್ಣಕಲ್ಲಿನ ನೆಲದ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ ಬಿಡುತ್ತದೆ. ಇನ್‌ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದರೆ ಇಪ್ಪತ್ತು ಕಾರಿಗೆ ಸಾಕು. ಕೊಳ್ಳುವಾಗ ಡಬ್ಬಿ ಓದಿ: ಬ್ಯಾಟರಿ ಆ್ಯಸಿಡ್ಡೂ ಅದೇ ಅಂಗಡಿಯಲ್ಲಿ, ಹೆಚ್ಚು ಕಡಿಮೆ ಅಂಥದೇ ಕ್ಯಾನಿನಲ್ಲಿ ಇರುತ್ತದೆ.

ಕಾರನ್ನು ನೀರಿನಲ್ಲಿ ಮುಳುಗಿಸಬಾರದು. ಮೈ ಮತ್ತು ತಳದ ನಡುವಿನ ಸಂದಿನಲ್ಲಿ ನಿಂತ ನೀರು ಹೊರಬರುವುದಿಲ್ಲ. ಚಕ್ರದ ಅಚ್ಚು ತುಕ್ಕು ಹಿಡಿಯುತ್ತದೆ, ತಳದ ತಗಡು ಒಳಗಿನಿಂದ ಸವೆಯುತ್ತದೆ, ಕಾಗದದ ಸ್ಟಿಕರ್ ಬಿಚ್ಚುತ್ತದೆ. ಕಿವಿಗೆ ಬಳಸುವ ಹತ್ತಿಕಡ್ಡಿ ಅದ್ದಿ, ಹಿಂಡಿ, ಒಂದೊಂದು ಭಾಗವಾಗಿ ಒರೆಸಿ. ಕಡ್ಡಿಗೆ ಕಾರಿನ ಬಣ್ಣವೇ ಹತ್ತತೊಡಗಿದರೆ ಅಲ್ಲಿಗೇ ನಿಲ್ಲಿಸಿ. ಕೊನೆಗೆ ಬರೀ ನೀರಿನ ಕಡ್ಡಿಯಿಂದ ಸೋಪು ತೆಗೆದು, ಹತ್ತಿ ಬಟ್ಟೆಯ ಮೇಲೆ ಚಕ್ರ ಮೇಲಾಗಿ ಇಟ್ಟು ಫ್ಯಾನಿನ ಗಾಳಿಗೆ ಐದಾರು ಗಂಟೆ ಬಿಡಿ. ಬಿಸಿಲಿಗೆ ಇಡಬಾರದು. ನಮ್ಮ ಬಿಸಿಲು ಪ್ಲಾಸ್ಟಿಕ್ ಕಿಟಕಿಯನ್ನು ಸೊಟ್ಟ ಮಾಡುತ್ತದೆ, ಕೆಂಪು ಬಣ್ಣವನ್ನು ಕಳೆಗುಂದಿಸುತ್ತದೆ. ಚಕ್ರ ಬಿಗಿಯಾಗಿದ್ದರೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದುಕೊಂಡು ಅಚ್ಚಿಗೆ ಮುಟ್ಟಿಸಿದರೆ ಸಾಕು. ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಾಗಿ ಧೂಳು ಹಿಡಿಯುತ್ತದೆ. ಕಿಟಕಿಗೆ ಥಿನ್ನರ್, ಪೆಟ್ರೋಲ್, ನೇಲ್ ಪಾಲಿಶ್ ರಿಮೂವರ್ ತಾಗಿಸಿದರೆ ಪ್ಲಾಸ್ಟಿಕ್ ಮಂಜಾಗಿ ಬಿರುಕು ಬಿಡುತ್ತದೆ. ಅದಕ್ಕೆ ಔಷಧ ಇಲ್ಲ.

ಪೇಂಟ್ ಹಾರಿದ ಕಾರಿಗೆ ಹೊಸ ಪೇಂಟ್ ಬಳಿದರೆ ಚಂದ ಕಾಣಬಹುದು. ಆದರೆ ಸಂಗ್ರಾಹಕನ ಕಣ್ಣಿಗೆ ಅದರ ಅರ್ಧಕ್ಕಿಂತ ಹೆಚ್ಚು ಬೆಲೆ ಅಲ್ಲೇ ಹೋಯಿತು. ಕಾರ್ಖಾನೆಯ ಪೇಂಟ್ ಚೂರು ಚೂರಾಗಿದ್ದರೂ ಅದು ಅಸಲಿ. ಕೊಳ್ಳುವವರೂ ಇದನ್ನು ಪತ್ತೆಹಚ್ಚುವುದು ಕಲಿಯಬೇಕು. ಕಾರ್ಖಾನೆಯಲ್ಲಿ ಮೈಗೆ ಮೊದಲು ಬಣ್ಣ, ಆಮೇಲೆ ತಳ ಕೂಡಿಸಿ ರಿವೆಟ್ ಬಡಿಯುವುದು. ಹಾಗಾಗಿ ಅಸಲಿ ಕಾರಿನ ತಳದಲ್ಲಿ ರಿವೆಟ್ಟಿನ ತಲೆ ಬೆತ್ತಲೆ ಲೋಹವಾಗಿ, ಬಡಿದ ಗುರುತಿನೊಂದಿಗೆ ಮಂಕಾಗಿ ಹೊಳೆಯುತ್ತದೆ. ರಿವೆಟ್ಟಿನ ಮೇಲೂ ಬಣ್ಣ ಕೂತಿದ್ದರೆ, ಚಕ್ರದ ಅಚ್ಚಿನ ತುದಿಗೆ ಬಣ್ಣ ಸಿಡಿದಿದ್ದರೆ, ಬಾಗಿಲಿನ ಗೆರೆಗಳು ತುಂಬಿಕೊಂಡು ಆಳ ಕಳೆದುಕೊಂಡಿದ್ದರೆ ಅದು ಮರುಪೇಂಟ್. ಹಾರಿದ ಚೂರಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಎರಡು ಬಣ್ಣದ ಪದರ ಕಂಡರೆ ಕೆಳಗಿನದೇ ಹುಟ್ಟುಬಣ್ಣ. ತಲೆಯೇ ಇಲ್ಲದ ರಿವೆಟ್, ಅದರ ಜಾಗದಲ್ಲಿ ಸ್ಕ್ರೂ ಇದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಮಾರುವವರು ಅದನ್ನು ತಾವಾಗಿ ಹೇಳಬೇಕು.

ಈ ಕಾರುಗಳಿಗೆ ಬರುವ ಒಂದು ರೋಗವಿದೆ, ಅದನ್ನು ಸತುವಿನ ಪಿಡುಗು ಎನ್ನೋಣ. ಬಾನೆಟ್ಟಿನ ಮೇಲೋ ಛಾವಣಿಯ ಮೇಲೋ ಮೊದಲು ಕೂದಲೆಳೆಯಷ್ಟು ಗೆರೆ ಮೂಡುತ್ತದೆ. ಆಮೇಲೆ ಅದಕ್ಕೆ ಕವಲು ಬರುತ್ತದೆ. ಬೇಸಿಗೆಯಲ್ಲಿ ಬಿರಿದ ಎರೆ ಹೊಲವನ್ನು ಮೇಲಿನಿಂದ ನೋಡಿದರೆ ಹೇಗೆ ಕಾಣುತ್ತದೆಯೋ ಥೇಟ್ ಹಾಗೆ. ಲೋಹ ಉಬ್ಬುತ್ತದೆ, ತಳ ಬಿಲ್ಲಿನಂತೆ ಬಾಗುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ, ಕೊನೆಗೆ ಕೈಯಲ್ಲಿ ಹಿಡಿದರೆ ಚಕ್ಕುಲಿಯಂತೆ ಮುರಿಯುತ್ತದೆ. ಕಾರಣ ಎರಕದ ದಿನವೇ ಬಿದ್ದದ್ದು. ಜಸ್ತದಲ್ಲಿ ಸೀಸದ ಅಂಶ ಚೂರು ಬೆರೆತರೂ ಅದು ಲೋಹದ ಹರಳುಗಳ ಸಂದಿನಲ್ಲಿ ಹೋಗಿ ಕೂರುತ್ತದೆ. ತೇವ ಮತ್ತು ಬಿಸಿ ಸಿಕ್ಕಾಗ ಆ ಸಂದಿನಿಂದಲೇ ಸವೆತ ಶುರುವಾಗುತ್ತದೆ. 1930ರ ದಶಕದಲ್ಲಿ ಸೀಸದ ಎರಕವೂ ಜಸ್ತದ ಎರಕವೂ ಒಂದೇ ಕಾರ್ಖಾನೆಯಲ್ಲಿ ನಡೆಯುತ್ತಿದ್ದದ್ದರಿಂದ ಆ ಕಾಲದ ಡಿಂಕಿಗಳಲ್ಲಿ ಇದು ಹೆಚ್ಚು. ಮುಂದೆ 99.99 ಪ್ರತಿಶತ ಶುದ್ಧ ಜಸ್ತ ಬಳಸತೊಡಗಿದ ಮೇಲೆ ಬಹಳ ಕಡಿಮೆಯಾಯಿತು. ಇದು ಒಂದರಿಂದ ಇನ್ನೊಂದಕ್ಕೆ ಹರಡುವ ರೋಗವೆಂದು ಕೆಲವರು ಕಾರನ್ನು ಎಸೆಯುವುದುಂಟು. ಅಂಟುರೋಗವಲ್ಲ, ಎಸೆಯಬೇಡಿ. ವಾಸಿಯೂ ಆಗದು, ಆದರೆ ತಂಪಾದ ಒಣ ಜಾಗದಲ್ಲಿ ಅಲುಗಾಡಿಸದೆ ಇಟ್ಟರೆ ನಿಧಾನವಾಗುತ್ತದೆ. ಬಿರುಕಿಗೆ ಫೆವಿಕ್ವಿಕ್ ಸುರಿಯುವುದು, ರಿವೆಟ್ ಬಿಚ್ಚುವುದು ಎರಡೂ ಬೇಡ.

ಬಿರುಕಿಲ್ಲದೆ ಬರೀ ಬಿಳಿ ಪುಡಿ ಬಂದಿದ್ದರೆ ಗಾಬರಿ ಬೇಡ, ಅದು ಜಸ್ತದ ಮಾಮೂಲಿ ತುಕ್ಕು. ಒಣ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ, ಬೆತ್ತಲೆ ಲೋಹಕ್ಕೆ ಮಾತ್ರ ಉಜ್ಜುಪುಡಿ ಇಲ್ಲದ ಮೇಣವನ್ನು ತೆಳ್ಳಗೆ ಸವರಿದರೆ ನಿಲ್ಲುತ್ತದೆ.

ಇಡುವ ಜಾಗದ ಬಗ್ಗೆ ನಮ್ಮ ಜಿಲ್ಲೆಗಳವರು ವಿಶೇಷ ಎಚ್ಚರ ವಹಿಸಬೇಕು. ಮೇ ತಿಂಗಳಲ್ಲಿ ಇಲ್ಲಿ 43–44 ಡಿಗ್ರಿ ಸಾಮಾನ್ಯ, ಪತ್ರಾಸಿನ (ತಗಡಿನ ಛಾವಣಿಯ) ಕೆಳಗಿನ ಅಟ್ಟದಲ್ಲಿ ಅದಕ್ಕೂ ಜಾಸ್ತಿ. ಮುಂದಿನ ತಿಂಗಳೇ ಮಳೆಯ ತೇವ. ಬಿಸಿ, ತೇವಗಳ ಈ ಏರಿಳಿತವೇ ದೊಡ್ಡ ಶತ್ರು, ಹಾಗಾಗಿ ಅಟ್ಟ ಬೇಡ, ಹೊರಗೋಡೆಗೆ ತಾಗಿದ ಮಾಡವೂ ಬೇಡ. ಮನೆಯ ನಡುವಿನ ಕೋಣೆಯ ಸ್ಟೀಲ್ ಅಲ್ಮಾರಿಯ ಮಧ್ಯದ ಹಲಗೆ ಒಳ್ಳೆಯದು. ಹೊಸ ಪ್ಲೈವುಡ್, ಎಂಡಿಎಫ್ ಶೋಕೇಸು ನೋಡಲು ಚಂದ. ಆದರೆ ಮುಚ್ಚಿದ ಗಾಜಿನೊಳಗೆ ಅವು ಬಿಡುವ ಹುಳಿ ಆವಿ ಜಸ್ತವನ್ನು ತಿನ್ನುತ್ತದೆ. ಸುಣ್ಣ ಹೊಡೆಯುವಾಗ ಕಾರುಗಳನ್ನು ಬೇರೆ ಕೋಣೆಗೆ ಸಾಗಿಸಿ. ಸೇಡಂ, ಚಿತ್ತಾಪುರ, ವಾಡಿ ಸುತ್ತಮುತ್ತ ಸಿಮೆಂಟಿನ ಪುಡಿ ಬೀಳುವ ಊರುಗಳಲ್ಲಿ ಬಾಗಿಲಿಲ್ಲದ ಕಪಾಟಿನಲ್ಲಿ ಇಡಲೇಬಾರದು, ಆ ಪುಡಿಗೆ ತೇವ ತಾಗಿದರೆ ಕ್ಷಾರವಾಗುತ್ತದೆ, ಪೇಂಟಿನ ಹೊಳಪು ಸಾಯುತ್ತದೆ. ಮುಚ್ಚಳ ಬಿಗಿಯಾದ 20 ಲೀಟರಿನ ಡಬ್ಬಿಗೆ 50 ಗ್ರಾಂ ಸಿಲಿಕಾ ಜೆಲ್ ಸಾಕು. ಕಿತ್ತಳೆ ಬಣ್ಣದ ಹರಳು ಹಸಿರಾದಾಗ ಓವನ್ನಿನಲ್ಲಿ 110–120 ಡಿಗ್ರಿಗೆ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಡಾಂಬರು ಗುಳಿಗೆ ಹಾಕಬೇಡಿ. ಸೀರೆಗೆ ಅದು ಸರಿ, ಪ್ಲಾಸ್ಟಿಕ್ ಕಿಟಕಿಯನ್ನು ಅದು ಮೆತ್ತಗೆ ಮಾಡುತ್ತದೆ. ನ್ಯೂಸ್ ಪೇಪರಿನಲ್ಲಿ ಸುತ್ತಿಟ್ಟರೆ ಕಾಗದದ ಹುಳಿ ಮತ್ತು ಶಾಯಿ ಪೇಂಟಿಗೆ ಹತ್ತುತ್ತವೆ. ಬಿಳಿ ಬಟರ್ ಪೇಪರ್ ಮೇಲು. ರಬ್ಬರ್ ಬ್ಯಾಂಡ್ ಕರಗಿ ಅಂಟುತ್ತದೆ. ಟೈರಿನ ವಿಷಯ ಇನ್ನೂ ಸೂಕ್ಷ್ಮ. ಮೆತ್ತನೆಯ ಹಳೆ ಟೈರಿನಿಂದ ಎಣ್ಣೆಯಂಥ ಅಂಶ ಜಿನುಗಿ, ತಾಗಿದ ಪ್ಲಾಸ್ಟಿಕ್ ಚಕ್ರವನ್ನೋ ಥರ್ಮಾಕೋಲನ್ನೋ ಬಣ್ಣದ ಹಲಗೆಯನ್ನೋ ಕರಗಿಸುತ್ತದೆ. ಅದಕ್ಕೆ ಕಾರನ್ನು ಟೈರಿನ ಮೇಲೆ ನಿಲ್ಲಿಸದೆ, ತಳದ ಕೆಳಗೆ ಮಡಿಸಿದ ಬಿಳಿ ಕಾಗದದ ದಿಂಬು ಕೊಟ್ಟು ಚಕ್ರ ಗಾಳಿಯಲ್ಲಿರುವಂತೆ ಇಡಬೇಕು. ಟೈರು ಕಲ್ಲಿನಂತೆ ಗಟ್ಟಿಯಾಗಿ ಸೀಳಿದ್ದರೆ ಹೊಸದು ಸಿಗುತ್ತದೆ, ವರ್ನಿಯರ್ ಅಳತೆಗೋಲಿನಿಂದ ಹೊರ ವ್ಯಾಸ ಅಳೆದು ಮಿಲಿಮೀಟರಿನಲ್ಲಿ ಹೇಳಿ ತರಿಸಬೇಕು. ಹಾಕುವ ಮೊದಲು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ, ಮೊಂಡು ಕಡ್ಡಿಯಿಂದ ಹೊರಳಿಸಿ ಕೂರಿಸಿ. ಸ್ಕ್ರೂಡ್ರೈವರ್ ಬಳಸಿದರೆ ಚಕ್ರದ ಅಂಚು ಮುರಿಯುತ್ತದೆ. ತೆಗೆದ ಹಳೆ ಟೈರನ್ನೂ ಚೀಟಿ ಬರೆದು ಬೇರೆ ಚೀಲದಲ್ಲಿ ಉಳಿಸಿ.

ಪೇಂಟ್ ಪೂರಾ ಹೋಗಿ, ಚಕ್ರ ಮುರಿದು, ಎಲ್ಲೆಡೆ ಸಿಗುವಂಥ ಮಾದರಿಯಾಗಿದ್ದರೆ ಮಾತ್ರ ಬಿಚ್ಚಿ ರಿಪೇರಿ ಮಾಡಬಹುದು. ರಿವೆಟ್ಟಿನ ನಡುವೆ ಸೆಂಟರ್ ಪಂಚಿನಿಂದ ಚುಕ್ಕೆ ಹಾಕಿ, 3 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತಲೆ ಮಾತ್ರ ತೆಗೆಯಿರಿ. ತಲೆ ಉಂಗುರವಾಗಿ ಬಿಟ್ಟಿನ ಜೊತೆ ತಿರುಗತೊಡಗಿದ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಕಂಬವೇ ಸವೆದುಹೋಗುತ್ತದೆ. ಆ ಕಂಬದಲ್ಲಿ 1.6 ಮಿ.ಮೀ. ಬಿಟ್ಟಿನಿಂದ 4 ಮಿ.ಮೀ. ಆಳ ಕೊರೆದು, ಎಂ2 ಟ್ಯಾಪಿಗೆ (2 ಮಿ.ಮೀ. ಸ್ಕ್ರೂವಿಗೆ ಒಳಗೆರೆ ಕೊರೆಯುವ ಸಾಧನ) ಎಣ್ಣೆ ಹಚ್ಚಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ತಿರುಗಿಸಿ ಸ್ಕ್ರೂವಿನ ಗೆರೆ ಮಾಡಿದರೆ 4 ಮಿ.ಮೀ. ಉದ್ದದ ಸ್ಕ್ರೂ ಕೂರುತ್ತದೆ. ಹೆಚ್ಚು ಆಳ ಹೋದರೆ ಬಿಟ್ಟು ಬಾನೆಟ್ಟಿನಿಂದ ಹೊರಬರುತ್ತದೆ. ಜಸ್ತ ಮೆತ್ತನೆಯ ಲೋಹ, ಸ್ಕ್ರೂ ಬಿಗಿ ಮಾಡಲು ಎರಡು ಬೆರಳಿನ ಬಲ ಸಾಕು. ಹಳೆಯ ಪೇಂಟನ್ನು ಒಣಗಿದ್ದಾಗ ಪಾಲಿಶ್ ಪೇಪರಿನಿಂದ ಉಜ್ಜಬಾರದು. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಪುಡಿ ಮೂಗಿಗೆ ಹೋಗುತ್ತದೆ. ಇದೇ ಕಾರಣಕ್ಕೆ ಹಳೆಯ ಕಾರನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಕೊಡಬೇಡಿ. ಮೊಮ್ಮಗನಿಗೆ ಅಜ್ಜನ ಕಾರು ಕೊಡುವ ಪ್ರೀತಿ ದೊಡ್ಡದು, ಆದರೂ ಆರೇಳು ವರ್ಷ ಕಾಯಿರಿ.

ಪೆಟ್ಟಿಗೆ ಸಿಕ್ಕರೆ ಕಾರಿನಷ್ಟೇ ಜೋಪಾನ ಮಾಡಿ, ಕಿವಿ ಹರಿದ ರಟ್ಟಿನ ಪೆಟ್ಟಿಗೆಗೂ ಬೆಲೆ ಇದೆ. ಸೆಲ್ಲೊ ಟೇಪ್ ಹಚ್ಚಬೇಡಿ, ಅದರ ಗೋಂದು ಹಳದಿಯಾಗಿ ರಟ್ಟಿಗೆ ಇಳಿಯುತ್ತದೆ. ನಕಲಿ ಪೆಟ್ಟಿಗೆಗಳೂ ಚಲಾವಣೆಯಲ್ಲಿವೆ. 1950ರ ದಶಕಕ್ಕಿಂತ ಮೊದಲಿನದು ಎಂದು ಮಾರುವ ಪೆಟ್ಟಿಗೆಯನ್ನು ಕತ್ತಲಲ್ಲಿ, ಸರಾಫ್ ಬಜಾರಿನವರು ನೋಟು ಪರೀಕ್ಷಿಸುವ ನೇರಳೆ ಬೆಳಕಿಗೆ ಹಿಡಿಯಿರಿ. ರಟ್ಟು ನೀಲಿ ಬಿಳುಪಾಗಿ ಬೆಳಗಿದರೆ ಅನುಮಾನ ಪಡಲೇಬೇಕು, ಯಾಕೆಂದರೆ ಕಾಗದಕ್ಕೆ ಹೊಳಪು ಕೊಡುವ ಆ ರಾಸಾಯನಿಕ ವ್ಯಾಪಕವಾಗಿ ಬಳಕೆಗೆ ಬಂದದ್ದು ಆಮೇಲೆ. ಮಾರುವವರು ಕಾರಿನ ನಾಲ್ಕು ಬದಿ, ಮೇಲ್ಭಾಗ, ತಳ ಹೀಗೆ ಆರು ಫೋಟೊಗಳನ್ನು ನೆರಳಿನ ಹಗಲು ಬೆಳಕಿನಲ್ಲಿ ತೆಗೆದು, ದೋಷವನ್ನು ಮುಚ್ಚಿಡದೆ ತೋರಿಸಿ. ತಳದ ಫೋಟೊ ಕೊಡಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ.

ಕೊನೆಯದಾಗಿ ಮೋಡಕಾ ವ್ಯಾಪಾರ ಮಾಡುವ ಅಣ್ಣಂದಿರಿಗೆ. ತೂಕದ ಲೆಕ್ಕದಲ್ಲಿ ಒಂದು ಕಿಲೋಗೆ ಸುಮಾರು 25 ಸಣ್ಣ ಕಾರು ಬೇಕು. ಅದರಲ್ಲಿ ಅಚ್ಚು, ತಗಡು, ಪ್ಲಾಸ್ಟಿಕ್ ಕಳೆದರೆ ಜಸ್ತ ಇನ್ನೂ ಕಡಿಮೆ. ಅಷ್ಟಕ್ಕಾಗಿ ಸುತ್ತಿಗೆಯಿಂದ ಬಡಿದು ತಳ ಬೇರೆ ಮಾಡಬೇಡಿ. ಆಟಿಕೆ ಕಾರು ಬಂದರೆ ಒಂದು ರಟ್ಟಿನ ಡಬ್ಬಿಯಲ್ಲಿ ಬೇರೆಯಾಗಿ ತೆಗೆದಿಡಿ, ಮುರಿದದ್ದಿದ್ದರೂ ಸರಿ. ಒಂದರ ಚಕ್ರ, ಬಂಪರು, ತಳ ಇನ್ನೊಂದನ್ನು ಉಳಿಸುತ್ತವೆ. ಬಿಡಿಯಾಗಿ ಎಣಿಸಿ ದುಡ್ಡು ಕೊಟ್ಟು ಒಯ್ಯುವವರು ಕಲಬುರಗಿಯಲ್ಲೂ ಇದ್ದಾರೆ, ಬೀದರಿನಲ್ಲೂ ಇದ್ದಾರೆ, ತಕ್ಕಡಿಗಿಂತ ಹೆಚ್ಚೇ ಸಿಗುತ್ತದೆ.

ಇಂತಿ,
ಹಳೆಯ ಆಟಿಕೆ ಕಾರುಗಳ ಸಂಗ್ರಾಹಕರು,
ಕಲಬುರಗಿ